ಬರೀ ತಾಳದ ನುಡಿ

ಬಾಯಿ ಅಗಲಿಸಿಕೊಂಡು ಅಂಗಾತ ಮಲಗಿದ ಹೆಂಗಸಿಗೆ ಮರ್ಯಾದೆ ಎಷ್ಟು ಉಳಿದೀತು ಎಂದು ಚನ್ನಬಸವ್ವ ಯೋಚಿಸುತ್ತಿದ್ದಳು. ದೇಶಪಾಂಡೆ ನಗರದ ಈ ಹಲ್ಲಿನ ದವಾಖಾನೆಯ ಕುರ್ಚಿ ಅತ್ತ ಕುರ್ಚಿಯೂ ಅಲ್ಲ, ಇತ್ತ ಮಂಚವೂ ಅಲ್ಲ. ಕೂತವಳನ್ನು ಒಂದು ಮಾತೂ ಕೇಳದೆ ಅದು ಹಿಂದಕ್ಕೆ ಮಲಗಿಸಿತ್ತು. ಸೆರಗು ಎಲ್ಲಿ ಹೋಯಿತೆಂದು ತಡಕಾಡುವಷ್ಟರಲ್ಲಿ ಎದೆಯ ಮೇಲೊಂದು ಹಸಿರು ಹಾಳೆ ಬಿದ್ದು ಕೈಗಳೆರಡೂ ಅದರಡಿ ಸೇರಿಹೋಗಿದ್ದವು. ಬಲದವಡೆಗೆ ಚುಚ್ಚಿದ ಸೂಜಿಮದ್ದು ಏರಿ, ತುಟಿ ಅರ್ಧ ತನ್ನದು, ಅರ್ಧ ಯಾರದೋ ಅನ್ನಿಸುತ್ತಿತ್ತು. ಡಾಕ್ಟರು ಚಿಕ್ಕ ವಯಸ್ಸಿನವಳು, ನಿಶಾತ ಎಂದು ಹೆಸರು, ಗದಗಿಗೆ ಕೊಟ್ಟ ತನ್ನ ಮಗಳಿಗಿಂತಲೂ ಸಣ್ಣವಳಿರಬೇಕು. ಮೂಗು ಬಾಯಿ ಮುಚ್ಚಿದ ಮಾಸ್ಕಿನ ಮೇಲೆ ಬರೀ ಕಣ್ಣು. "ಇನ್ನೊಂಚೂರು ಅಗಲ ಮಾಡ್ರಿ ಅಮ್ಮಾ. ಛಲೋ. ಹಂಗ ಇರ್ರಿ," ಎನ್ನುತ್ತ ಅವಳು ಬಗ್ಗಿದಳು. ಇಷ್ಟು ಹತ್ತಿರದಿಂದ ತನ್ನ ಮುಖವನ್ನು ಯಾರಾದರೂ ನೋಡಿ ಎಷ್ಟು ಕಾಲವಾಯಿತು ಎಂದು ಚನ್ನಬಸವ್ವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡಳು.

ಮೂಲೆಯಲ್ಲಿ ರೇಡಿಯೋ ಸಣ್ಣ ದನಿಯಲ್ಲಿ ನಡೆದಿತ್ತು. ಯಾವುದೋ ಸೀರೆ ಅಂಗಡಿಯ ಜಾಹೀರಾತು ಮುಗಿದು ವಾದ್ಯ ಶುರುವಾಯಿತು. ಮೊದಲ ಸ್ವರಗಳು ಕಿವಿಗೆ ಬೀಳುತ್ತಲೇ ಅವಳ ಮೈ ತಾನಾಗಿ ನೆಟ್ಟಗಾಯಿತು, ಹಾಳೆಯಡಿಯಲ್ಲಿ ಕೈಗಳು ಒಂದನ್ನೊಂದು ಹುಡುಕಿದವು. ಅಪ್ಪನ ಪದ. ರೇಡಿಯೋದಲ್ಲಿ ಅಪ್ಪನ ಪದ! ಧಾರವಾಡದ ಗುರುಪಾದಪ್ಪ ಮಾಸ್ತರು ಕಟ್ಟಿದ 'ನಾಕ ಬಾಗಲದ ಪದ' ಗೊತ್ತಿಲ್ಲದ ಭಜನಿ ಮೇಳ ಈ ಸೀಮೆಯಲ್ಲಿಲ್ಲ. ಸೋಮವಾರ ಗುಡಿಯಲ್ಲಿ ಹಾಡುತ್ತಾರೆ, ಮಠದಲ್ಲಿ ಹಾಡುತ್ತಾರೆ, ಸತ್ತವರನ್ನು ಕೂರಿಸಿಕೊಂಡ ಪಡಸಾಲೆಯಲ್ಲೂ ಹಾಡುತ್ತಾರೆ. ಮನುಷ್ಯನ ಬಾಳು ನಾಲ್ಕು ಬಾಗಿಲ ಮನೆ. ಒಂದು ಬಾಗಿಲು ಧರ್ಮದ್ದು, ಒಂದು ಅರ್ಥದ್ದು, ಒಂದು ಕಾಮದ್ದು, ಕಡೆಯದು ಮೋಕ್ಷದ್ದು. ಒಂದೊಂದನ್ನೇ ದಾಟಿಕೊಂಡು ಹೋಗು ಜೀವವೇ ಎಂದು ಪದದ ತಾತ್ಪರ್ಯ. ಈ ಹುಡುಗಿಗೆ ಕಣ್ಸನ್ನೆಯಲ್ಲಾದರೂ ತಿಳಿಸಬೇಕು, ಇದು ನಮ್ಮಪ್ಪಂದು ಎಂದು. ಪಿಟೀಲು ಬೇರೆ ಸೇರಿಸಿದ್ದಾರೆ, ಇರಲಿ, ಪ್ಯಾಟಿಯವರು ಹಾಗೇ. 'ಕಾಯ ಸಂತೆ ಕೂಡಿ ಹೋಯ್ತು, ಜೀವ ಮಾತ್ರ ಅರಿಲಿಲ್ಲ' ಎಂದು ಮನಸ್ಸಿನೊಳಗೇ ಅವಳು ಪಲ್ಲವಿ ಎತ್ತಿಕೊಂಡಳು. ರೇಡಿಯೋದ ಹೆಂಗಸು ಅದೇ ಏರಿನಲ್ಲಿ ಏರಿ, ಅದೇ ತಿರುವಿನಲ್ಲಿ ತಿರುಗಿ, 'ಊರ ಬಸ್ಸು ಬಂದು ಹೋಯ್ತು, ನೀನು ಮಾತ್ರ ಬರಲಿಲ್ಲ' ಎಂದಳು.

ಕದ್ದಿದ್ದಾರೆ ಎಂಬುದೇ ಅವಳಿಗೆ ಮೊದಲು ಹೊಳೆದದ್ದು. ಸಿನಿಮಾದವರಿಗೆ ದೇವರೂ ಬೇಡ, ದಿಂಡರೂ ಬೇಡ, ಶಿವನ ಧಾಟಿಗೆ ಬಸ್ಸು ಕಟ್ಟಿದ್ದಾರೆ. ಬಾಯಿ ತುಂಬ ಹತ್ತಿ ಇಲ್ಲದಿದ್ದರೆ ಬಂದ್ ಮಾಡ್ರೀ ಎಂದು ಹೇಳುತ್ತಿದ್ದಳೇನೋ. ಅಷ್ಟರಲ್ಲಿ ನಿಶಾತ ಕೈಯಲ್ಲಿನ ಯಂತ್ರ ನಿಲ್ಲಿಸಿ, ಆ ಸಾಲಿಗೆ ತಾನೂ ಒಂದಿಷ್ಟು ಗುನುಗಿ, "ನಮ್ಮ ನಾನಿ ಭಾಳ ಹಾಡತಿದ್ರು ಅಮ್ಮಾ ಇದನ್ನ. ಅವ್ರ ಲಗ್ನ ಆದ ವರ್ಷದ ಸಿನಿಮಾದ್ದಂತ," ಎಂದಳು. ಈ ಹುಡುಗಿಯ ಅಜ್ಜಿಯ ಲಗ್ನ. ಅಪ್ಪ ಈ ಪದ ಕಟ್ಟಿದಾಗ ಚನ್ನಬಸವ್ವ ಪರಕಾರ ಬಿಟ್ಟು ಸೀರೆಗೆ ಬಂದಿದ್ದಳು, ಅಂಗಳದಲ್ಲಿ ಕೂತು ಮೊದಲು ಕೇಳಿದವಳೇ ಅವಳು. ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ. ಲೆಕ್ಕ ಹಾಕುವಷ್ಟೇನೂ ಇರಲಿಲ್ಲ. ಹಾಡಿನ ಹೆಂಗಸು ಮೊದಲನೆಯ ನುಡಿಯಲ್ಲಿ ಬಸ್ಸಿಳಿದವರನ್ನೆಲ್ಲ ನಿಲ್ಲಿಸಿ ಅವನ ಸುದ್ದಿ ಕೇಳುತ್ತಿದ್ದಳು. ಅಪ್ಪ ಅಲ್ಲಿ ಬಂದವರಿಗೆಲ್ಲ ನೀರು ಕೊಟ್ಟೆಯಾ ಎಂದು ಧರ್ಮ ಹೇಳಿದ್ದ. ಎರಡನೆಯದರಲ್ಲಿ ಅವಳು ಕೈಬಳೆ ಸಡಿಲಾದದ್ದನ್ನು ಹೇಳಿಕೊಂಡಳು. ಅಪ್ಪ ಅಲ್ಲಿ ತಕ್ಕಡಿ ಸಡಿಲಾಗದಂತೆ ಹಿಡಿ ಎಂದು ಅರ್ಥ ಹೇಳಿದ್ದ. ಸಡಿಲು ಎಂಬ ಮಾತನ್ನು ಕೂಡ ಬಿಟ್ಟಿರಲಿಲ್ಲ. ಅಳತೆಯ ಅಂಗಿ ಬಿಚ್ಚಿ ಬೇರೆಯವರಿಗೆ ತೊಡಿಸಿದ ಹಾಗೆ ಅಪ್ಪ ಒಂದೊಂದು ಗುಂಡಿಯನ್ನೂ ಸರಿಯಾಗಿ ಹಾಕಿದ್ದ.

ಮೂರನೆಯ ನುಡಿಗೆ ಪದದಲ್ಲಿ ಮಾತಿಲ್ಲ. ಅಲ್ಲಿ ಹಾರ್ಮೋನಿಯಂ ನಿಲ್ಲುತ್ತದೆ, ಹಾಡುವವರು ಸುಮ್ಮನಾಗುತ್ತಾರೆ, ಒಂದು ನುಡಿಯ ಉದ್ದಕ್ಕೂ ಬರೀ ತಾಳ. ಆಮೇಲೆ ಮೋಕ್ಷ. ಮಾಸ್ತರು ಹಾಗೇ ಕಲಿಸಿದ್ದು, ಮೇಳಗಳೆಲ್ಲ ಹಾಗೇ ಉಳಿಸಿಕೊಂಡು ಬಂದಿವೆ. ಕಾಮನನ್ನು ಶಿವ ಸುಟ್ಟನಲ್ಲ, ಸುಟ್ಟವನಿಗೆ ಮೈ ಎಲ್ಲಿ, ಮೈ ಇಲ್ಲದವನಿಗೆ ಮಾತೆಲ್ಲಿ ಎಂದು ಚನ್ನಬಸವ್ವ ಹಾಡುವ ಕೇಶ್ವಾಪುರದ ಮೇಳದ ಹಿರಿಯಳು ರುಕ್ಮವ್ವ ಹೊಸಬರಿಗೆ ಬಿಡಿಸಿ ಹೇಳುತ್ತಾಳೆ, ಹೊಸಬರು ಆಹಾ ಎನ್ನುತ್ತಾರೆ. ಚನ್ನಬಸವ್ವನೂ ಅದನ್ನು ನಂಬಿದ್ದಳು. ಹೋಳಿ ಬಂದಾಗ ಓಣಿಯಲ್ಲಿ ರತಿ ಕಾಮಣ್ಣರನ್ನು ಅಕ್ಕಪಕ್ಕ ಕೂರಿಸಿ, ಜನ ಸರದಿ ನಿಂತು ನೋಡಿ, ಕಡೆಗೊಂದು ದಿನ ಹುಡುಗರು ಬಾಯಿ ಬಡಿದುಕೊಳ್ಳುತ್ತ ಕಾಮನನ್ನು ಸುಡುವಾಗ ಅವಳಿಗೆ ರತಿಯದೇ ಚಿಂತೆಯಾಗುತ್ತಿತ್ತು, ಅವತ್ತು ಸಂಜೆ ಅವಳು ಮನೆಗೆ ಹೋಗಿ ಏನು ಮಾಡುತ್ತಾಳೆ, ಯಾರಿಗೆ ರೊಟ್ಟಿ ಬಡಿಯುತ್ತಾಳೆ ಎಂದು. ಈಗ ರೇಡಿಯೋದಲ್ಲಿ ವಾದ್ಯಗಳು ನಿಂತು ತಬಲಾ ಒಂದೇ ಉಳಿಯಿತು. ರೂಢಿಯಂತೆ ಅವಳ ಬೆರಳು ಹಾಳೆಯಡಿ ತಾಳ ಹಾಕತೊಡಗಿತು. ಆ ತಾಳದ ಮೇಲೆ, ಇಷ್ಟು ವರ್ಷ ಅವಳು ಬಾಯಿ ಮುಚ್ಚಿ ಕಾದ ಆ ಜಾಗದಲ್ಲಿ, ಹೆಂಗಸಿನ ದನಿ ಬಂತು. ಹಾಡಿದ್ದಲ್ಲ, ಪಕ್ಕದಲ್ಲಿ ಕೂತು ಹೇಳಿದ ಹಾಗೆ: 'ತಲೆದಿಂಬಿನೊಂದು ಬದಿ ನಿನಗೆಂದೇ ತಣ್ಣಗಿದೆ.'

"ನೋವಾತೇನ್ರೀ ಅಮ್ಮಾ?" ನಿಶಾತ ಗಾಬರಿಯಿಂದ ಕೈ ತೆಗೆದಳು. ಕಣ್ಣಿನಿಂದ ಇಳಿದ ನೀರು ಕಿವಿಯೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲು ಕೈ ಹೊರಗಿರಲಿಲ್ಲ. ಚನ್ನಬಸವ್ವ ಇಲ್ಲ ಎಂದು ತಲೆಯಾಡಿಸಿದಳು. ಕುರ್ಚಿ ಮೇಲಕ್ಕೆದ್ದಿತು. "ಮುಕ್ಕಳಿಸ್ರಿ. ಬಾಯಿ ತುಂಬ ನೀರು ತಗೊಂಡು ಛಲೋತ್ನಂಗ ಮುಕ್ಕಳಿಸ್ರಿ." ಲಗ್ನಕ್ಕೆ ಮುಂಚೆ ಅಪ್ಪನ ಮನೆಯಲ್ಲಿ ಒಂದು ದಿನ ಬಟ್ಟೆ ಒಣಹಾಕುತ್ತ ಚನ್ನಬಸವ್ವ ಏನೋ ಗುನುಗಿದ್ದಳು, ಪಕ್ಕದ ಮಾಶಾಬಿಯ ಮನೆಯ ರೇಡಿಯೋದಿಂದ ಬಂದದ್ದು, ಯಾವ ಹಾಡೆಂದು ಕೂಡ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಪಡಸಾಲೆಯಿಂದ ಎದ್ದು ಬಂದು, ಹೊಡೆಯಲಿಲ್ಲ, ಬಯ್ಯಲಿಲ್ಲ, ಬಚ್ಚಲಿಗೆ ಕರೆದುಕೊಂಡು ಹೋಗಿ ತಂಬಿಗೆ ಕೈಗೆ ಕೊಟ್ಟು, "ಮುಕ್ಕಳಸು," ಎಂದ. ಮುಕ್ಕಳಿಸಿದಳು. "ಇನ್ನೊಮ್ಮಿ," ಎಂದ. ಕೊಡ ಖಾಲಿಯಾಗುವವರೆಗೆ ಮುಕ್ಕಳಿಸಿದಳು. ಆಮೇಲೆ ನಾಲಿಗೆ ಚಾಚು ಎಂದು ವಿಭೂತಿ ಸವರಿ, "ಶಿವನ ಪದ ಹಾಡೂ ಬಾಯಿ ಇದು. ಸಿನಿಮಾದ್ದು ಎಂಜಲ," ಎಂದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತು ನೋಡಿ ಒಳಗೆ ಹೋದಳು. ಬೇರೆ ಪದಕಾರರು ತಮ್ಮ ಪುಸ್ತಕದಲ್ಲಿ ಪದದ ನೆತ್ತಿಯ ಮೇಲೆ ಇಂಥ ಸಿನಿಮಾದ ಇಂಥ ಹಾಡಿನ ಧಾಟಿ ಎಂದು ರಾಜಾರೋಷವಾಗಿ ಅಚ್ಚು ಹಾಕಿಸುತ್ತಿದ್ದರು. ಅಪ್ಪ ಅವರನ್ನು ಎಂಜಲ ಧಾಟಿಯವರು ಎಂದೇ ಕರೆಯುತ್ತಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಈಗ ಅವಳು ದವಾಖಾನೆಯ ತೊಟ್ಟಿಯಲ್ಲಿ ಉಗುಳಿದಳು. ಮರಗಟ್ಟಿದ ತುಟಿಯಿಂದ ನೀರು ನೆಟ್ಟಗೆ ಹೋಗದೆ ಗದ್ದಕ್ಕೆ, ಗದ್ದದಿಂದ ಕುತ್ತಿಗೆಗೆ ಇಳಿಯಿತು. ನಿಶಾತ ಹಾಳೆಯ ತುದಿಯಿಂದ ಮಗುವಿಗೆ ಒರೆಸುವಂತೆ ಒರೆಸಿದಳು.

"ಹಾಡು ಸೇರಿತೇನ್ರಿ? ಫೋನಿಗೆ ಹಾಕಲೇನು?" ಎಂದು ಆ ಹುಡುಗಿ ನಗುತ್ತ ಕೇಳಿದಾಗ ಬೇಡ ಅನ್ನಬೇಕೆಂದೇ ಚನ್ನಬಸವ್ವ ಬಾಯಿ ತೆರೆದಳು. ಬಾಯಿ ಅರ್ಧ ಮಾತ್ರ ತೆರೆಯಿತು. ತಲೆ ತನ್ನ ಪಾಡಿಗೆ ಹೂಂ ಎಂದು ಆಡಿತು.

ಆಟೋದಲ್ಲಿ ಕೂತು ಫೋನನ್ನು ಎಡಗಿವಿಗೆ ಒತ್ತಿ ಹಿಡಿದು, ಯಾರ ಜೊತೆಗೋ ಮಾತಾಡುತ್ತಿರುವವಳ ಹಾಗೆ ಮುಖ ಮಾಡಿಕೊಂಡು ಕೇಳಿದಳು. ಕೇಶ್ವಾಪುರದ ಸರ್ಕಲ್ಲಿಗೆ ಬರುವಷ್ಟರಲ್ಲಿ ಹಾಡು ಮತ್ತೆ ಮತ್ತೆ ತಿರುಗಿತ್ತು. ಸಿಟ್ಟು ಬರಬೇಕಾಗಿತ್ತು, ಬಂತು ಕೂಡ, ಕೊಡಗಟ್ಟಲೆ ನೀರಿನ ಸಿಟ್ಟು. ಆದರೆ ಸಿಟ್ಟಿನ ಪಕ್ಕದಲ್ಲೇ ಬೇರೊಂದು ಕೂತಿತ್ತು. ಒಂದು ಸಲ ಕೇಳಿ ಹೀಗೆ ಪದ ಕಟ್ಟಲು ಆಗುವುದಿಲ್ಲ. ಯಾವ ಅಕ್ಷರದ ಮೇಲೆ ಅವಳು ಉಸಿರು ಎಳೆಯುತ್ತಾಳೆ, ಎಲ್ಲಿ ಬಿಡುತ್ತಾಳೆ, ಎಲ್ಲಿ ಅಳುವಿನ ಹತ್ತಿರ ಹೋಗಿ ತಿರುಗುತ್ತಾಳೆ, ಎಲ್ಲವೂ ಪದದಲ್ಲಿದೆ. ಎಷ್ಟೋ ಸಂಜೆ, ಎಷ್ಟೋ ಸಲ ಕೇಳಿರಬೇಕು. ಎಲ್ಲಿ ಕೇಳಿದ? ಅಪ್ಪ ಸಿನಿಮಾಕ್ಕೆ ಹೋದವನಲ್ಲ, ಚಹಾದಂಗಡಿಯಲ್ಲಿ ಕೂತವನಲ್ಲ. ಆಟೋ ಗುಂಡಿಗೆ ಇಳಿದು ಎದ್ದಾಗ ಅವಳಿಗೆ ಅಪ್ಪನ ಕುರ್ಚಿ ಕಂಡಿತು. ಸಾಲೆಯಿಂದ ಬಂದು ಕೈಕಾಲು ತೊಳೆದು ಅಪ್ಪ ಆ ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಪಡಸಾಲೆಯ ಪಡುವಣ ಗೋಡೆಗೆ ತಲೆಯಾನಿಸಿ ಕೂರುತ್ತಿದ್ದ. ಯಾಕೆಂದು ಕೇಳಿದರೆ "ಇಲ್ಲಿ ತಂಪ ಐತಿ" ಎನ್ನುತ್ತಿದ್ದ. ಆ ಗೋಡೆ ಇಡೀ ಮಧ್ಯಾಹ್ನದ ಬಿಸಿಲು ಕುಡಿದು ಕಾದು ಹಂಚಾಗಿರುತ್ತಿತ್ತು. ಅದರ ಆಚೆಗೆ ಮಾಶಾಬಿಯ ರೇಡಿಯೋ. ಮಗಳ ಬಾಯಿ ತೊಳೆಸಿದವನು ಮಾಶಾಬಿಗೆ ಒಂದು ದಿನವೂ ಸಣ್ಣಗೆ ಹಚ್ಚಿರಿ ಎಂದು ಹೇಳಿ ಕಳಿಸಲಿಲ್ಲ. ಕಾದ ಗೋಡೆಗೆ ತಲೆ ಇಟ್ಟು, ಕಣ್ಣು ಮುಚ್ಚಿ, ತಂಪಾಗಿದೆ ಎಂದು ಕೂತಿದ್ದ ಅಪ್ಪನನ್ನು ನೆನೆದರೆ ಅವಳಿಗೆ ನಗುವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಅವ್ವನಿಗೆ ಅವನು 'ನೀರು ತಾ', 'ಬಂದೆ', 'ಹೋಗ್ತೇನಿ' ಇಷ್ಟು ಬಿಟ್ಟು ಬೇರೆ ಮಾತಾಡಿದ್ದು ಅವಳಿಗೆ ನೆನಪಿಲ್ಲ. ಧರ್ಮಕ್ಕೆ ಮಾತು ಸಿಕ್ಕಿತು, ಅರ್ಥಕ್ಕೆ ಸಿಕ್ಕಿತು, ಮೋಕ್ಷಕ್ಕಂತೂ ಧಾರಾಳವಾಗಿ ಸಿಕ್ಕಿತು. ದಿಂಬಿನ ಹತ್ತಿರ ಬಂದಾಗ ಅಪ್ಪ ನಿಂತುಬಿಟ್ಟ. ನಾಚಿ ನಿಂತನೋ, ಅದರ ಬದಲಿಗೆ ಇಡುವಂಥ ಮಾತು ಶಿವನ ಹತ್ತಿರವೂ ಇಲ್ಲ ಎಂದು ಗೊತ್ತಾಗಿ ನಿಂತನೋ. ಒಡೆದು ಬೇರೆ ಕಟ್ಟುವುದು ಬೇಡ, ಹಾಗೇ ಇರಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದನೇನೋ. ಕೇಳೋಣವೆಂದರೆ ಅಪ್ಪನೂ ಇಲ್ಲ, ಅವ್ವನೂ ಇಲ್ಲ.

ಮನೆಗೆ ಬಂದು ಬೀಗ ತೆಗೆದಳು. ಶಂಭುಲಿಂಗಪ್ಪ ಬೆಳಿಗ್ಗೆಯೇ ಅಮರಗೋಳದ ಮಾರ್ಕೆಟ್ ಯಾರ್ಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಕಾಳುಕಡಿಯ ದಲಾಲಿ, ಪ್ರಾಮಾಣಿಕ ಎಂದು ಹೆಸರು. ದೇವರಂಥ ಮನುಷ್ಯ ಎಂದು ಓಣಿಯೇ ಹೇಳುತ್ತದೆ, ಚನ್ನಬಸವ್ವ ಒಮ್ಮೆಯೂ ಅಲ್ಲ ಎಂದವಳಲ್ಲ. ಒಂದು ದಿನವೂ ಕೈ ಎತ್ತಿಲ್ಲ, ಉಪ್ಪು ಹೆಚ್ಚಾದರೆ ಉಂಡು ನೀರು ಕುಡಿಯುತ್ತಾನೆ. ಮಗಳ ಲಗ್ನವಾದ ಮೇಲೆ, ತಾನು ನಸುಕಿನಲ್ಲಿ ಏಳುತ್ತೇನೆ, ನಿನ್ನ ನಿದ್ದೆ ಯಾಕೆ ಕೆಡಬೇಕು ಎಂದು ಮಂಚವನ್ನು ಮುಂದಿನ ಖೋಲಿಗೆ ಹಾಕಿಸಿಕೊಂಡ. ಅವಳ ನಿದ್ದೆಯ ಮೇಲೆ ಅಷ್ಟು ಕಾಳಜಿ ಇಟ್ಟ ಗಂಡನ ಬಗ್ಗೆ ಯಾರ ಹತ್ತಿರ ಹೋಗಿ ಏನೆಂದು ದೂರುವುದು? ಕೆಟ್ಟ ಗಂಡನಿದ್ದರೆ ಅಳಲು ಹತ್ತು ಮನೆಗಳುಂಟು. ಒಳಗಿನ ಖೋಲಿಗೆ ಹೋಗಿ ಅವಳು ತನ್ನ ಮಂಚದ ಮೇಲೆ ಕೂತಳು. ದಿಂಬು ಒಂದೇ ಇತ್ತು. ಅದರ ಗೋಡೆಯ ಕಡೆಯ ಬದಿಗೆ ಅಂಗೈ ಇಟ್ಟು ನೋಡಿದಳು. ತಣ್ಣಗಿತ್ತು, ಖರೇನೇ ತಣ್ಣಗಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಮಾತು ಈ ಹೊತ್ತಿನಲ್ಲೇ ನೆನಪಾಗಿ, ಮರಗಟ್ಟಿದ ದವಡೆಯಿಂದ ಅರ್ಧ ನಕ್ಕಳು. ಆದರೆ ನಗೆ ಮುಗಿದ ಮೇಲೂ ಆಸೆ ಉಳಿದಿತ್ತು, ಅದನ್ನು ಆಸೆ ಎಂದೇ ಅನ್ನಬೇಕು, ಬೇರೆ ಹೆಸರು ಕೊಟ್ಟರೆ ಅಪ್ಪನ ಕೆಲಸ ಮಾಡಿದಂತಾಗುತ್ತದೆ. ನನ್ನನ್ನು ಮುಟ್ಟು ಎಂದು ಕೇಳುವ ವಯಸ್ಸು ದಾಟಿದೆ, ಇರಲಿ. ಆ ಮೂರನೆಯ ನುಡಿಯನ್ನು ಗಂಡ ಒಮ್ಮೆ ತನ್ನ ಪಕ್ಕದಲ್ಲಿ ಕೂತು ಕೇಳಬೇಕು. ಕೇಳಿ ತನ್ನ ಕಡೆಗೆ ನೋಡಬೇಕು. ಅಷ್ಟೇ. ಇವತ್ತು ಸಂಜೆ ಬಂದ ಕೂಡಲೇ ಕೇಳಿಸಬೇಕು, ನಾಳೆಗೆ ಬಿಟ್ಟರೆ ಧೈರ್ಯ ಉಳಿಯುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಳು.

ಅವತ್ತೇ ಸೋಮವಾರ, ಇಳಿಹೊತ್ತಿನ ಭಜನಿ ತಪ್ಪಿಸುವಂತಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಹೆಂಗಸರೆಲ್ಲ ಸೇರಿದ್ದರು, ಹಾರ್ಮೋನಿಯಂ ಮುಂದೆ ಓಣಿಯ ಹೊಸ ಸೊಸೆ ಐಶ್ವರ್ಯಾ. ತುಟಿಗೆ ಜೀವ ತಿರುಗಿ ಬರುತ್ತಿತ್ತು, ಇರುವೆ ಹರಿದ ಹಾಗೆ. ಮಾಸ್ತರ ಮಗಳು ಎಂದು 'ನಾಕ ಬಾಗಲದ ಪದ'ಕ್ಕೆ ಮೊದಲ ದನಿ ಎಂದಿಗೂ ಚನ್ನಬಸವ್ವನದೇ. ಪಲ್ಲವಿ ಎತ್ತಿದಳು. 'ಕಾಯ ಸಂತೆ' ಎಂದು ಬಾಯಿ ಹೇಳಿದರೆ ಕಣ್ಣ ಮುಂದೆ ಬಸ್ಸು ಬಂದು ನಿಂತಿತು, ಧೂಳೆದ್ದಿತು, ಬಸ್ಸು ಹೋಯಿತು. ಜೀವ ಮಾತ್ರ ಅರಿಲಿಲ್ಲ. ಎದುರಿಗೆ ಕೂತವರು ತಲೆದೂಗಿದರು. ಇಂದು ದನಿಯಲ್ಲಿ ಏನೋ ಇದೆ ಎಂದು ಒಬ್ಬಳು ಪಕ್ಕದವಳ ತೊಡೆ ಮುಟ್ಟಿ ಹೇಳಿದ್ದು ಅವಳಿಗೆ ಕಂಡಿತು. ಧರ್ಮ ಮುಗಿಯಿತು, ಅರ್ಥ ಮುಗಿಯಿತು. ಹಾರ್ಮೋನಿಯಂ ನಿಂತಿತು. ತಾಳಗಳಷ್ಟೇ ಉಳಿದವು, ಹಿತ್ತಾಳೆಯ ಸಣ್ಣ ಸಣ್ಣ ಸದ್ದು. ಈಗ ಸುಮ್ಮನಿರಬೇಕು ಎಂದು ಅವಳಿಗೆ ಗೊತ್ತಿತ್ತು. ಸುಮ್ಮನಿದ್ದೇನೆ ಎಂದೇ ಅವಳು ತಿಳಿದಿದ್ದಳು. ಎಲ್ಲರೂ ತಿರುಗಿ ನೋಡಿದಾಗ ತನ್ನ ಗಂಟಲಿನಿಂದ ದನಿ ಹೊರಟಿದೆ ಎಂದು ತಿಳಿಯಿತು. ಮಾತಲ್ಲ, ಪುಣ್ಯಕ್ಕೆ ಮಾತು ಬಂದಿರಲಿಲ್ಲ. ಮಾತು ಬರುವ ಮೊದಲು ಬಾಯಿ ಹಿಡಿಯುವ ಆಕಾರ, ಒಂದು ಉದ್ದನೆಯ ಅಕಾರ. ತಟ್ಟನೆ ನಿಲ್ಲಿಸಿದಳು. ತಾಳ ಚೆಲ್ಲಾಪಿಲ್ಲಿಯಾಯಿತು.

"ಯಾಕಬೇ ಚನ್ನಬಸವ್ವಾ," ಎಂದು ರುಕ್ಮವ್ವ ಬೊಚ್ಚು ಬಾಯಿ ಬಿಟ್ಟು ನಕ್ಕಳು, "ಮೋಕ್ಷಕ್ಕ ಇಷ್ಟ ಅವಸರ ಆತೇನ? ಸರತಿ ನಂದೈತಿ, ನಾ ಮೊದಲ ಹೋಗಾಕಿ!" ಕಟ್ಟೆಯೆಲ್ಲ ನಕ್ಕಿತು. ಚನ್ನಬಸವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಿವಿ ಕಾದಿದ್ದವು. ಮಾಸ್ತರ ಮಗಳು ಮಾಸ್ತರ ಪದದಲ್ಲೇ ತಪ್ಪಿದ್ದು ನಾಳೆ ಬೆಳಗಾಗುವುದರೊಳಗೆ ನಾಲ್ಕು ಓಣಿ ಸುತ್ತುತ್ತದೆ. ಮೋಕ್ಷದ ನುಡಿಯನ್ನು ಅವಳು ಹೇಗೆ ಹಾಡಿ ಮುಗಿಸಿದಳೋ. ಆರತಿಯಾಗಿ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಐಶ್ವರ್ಯಾ ಹಾರ್ಮೋನಿಯಂ ಮುಚ್ಚಿ ಹತ್ತಿರ ಬಂದು, ದನಿ ತಗ್ಗಿಸಿ, "ಅತ್ತಿಯವ್ರ, ಆ ಜಾಗಾದಾಗ ಮೊದಲ ಏನರ ಇತ್ತೇನ್ರಿ? ನೀವು ಎತ್ತಿದ್ದು ಭಾಳ ಛಲೋ ಇತ್ರಿ," ಎಂದಳು. ಹೊಸ ಲಗ್ನದ ಹುಡುಗಿ, ಕೈಯ ಮದರಂಗಿ ಪೂರ್ತಿ ಮಾಸಿರಲಿಲ್ಲ. ಇವಳಿಗೆ ಹೇಳಬಹುದಾಗಿತ್ತು, ಹೇಳಿದ್ದರೆ ಇವಳು ನಗದೆ ಕೇಳುತ್ತಿದ್ದಳು. "ಏನ ಇರತೈತವ್ವಾ, ಏನೂ ಇಲ್ಲ. ಅದು ಸುಟ್ಟ ಜಾಗಾ," ಎಂದು ಚನ್ನಬಸವ್ವ ಥೇಟ್ ಅಪ್ಪನ ಗತ್ತಿನಲ್ಲಿ ಹೇಳಿ ಚಪ್ಪಲಿ ಮೆಟ್ಟಿದಳು. ಓಣಿಯ ತಿರುವಿನವರೆಗೂ ಆ ಹುಡುಗಿ ನೋಡುತ್ತ ನಿಂತಿದ್ದಾಳೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಶಂಭುಲಿಂಗಪ್ಪ ಬಂದ. ಕಾಲು ತೊಳೆದ, ದೇವರ ಜಗಲಿಗೆ ಹೋಗಿ ವಿಭೂತಿ ಧರಿಸಿದ, ಮುಂದಿನ ಖೋಲಿಯ ತನ್ನ ಮಂಚದ ಮೇಲೆ ಕೂತ. ಬನಿಯನ್ನಿನ ಮೇಲೆ ಕಡಲೆಯ ಹೊಟ್ಟು. ದಿನವೂ ಅವನು "ಹಲ್ಲು?" ಎಂದು ಒಂದು ಮಾತು ಕೇಳುವವನೇ, ಕೇಳಿದ. "ಕಮ್ಮಿ ಐತ್ರಿ," ಎಂದಳು. ಚಹಾ ಕೊಟ್ಟಳು. ಎಂದಿನಂತೆ ಬಾಗಿಲಲ್ಲಿ ನಿಲ್ಲದೆ ಅದೇ ಮಂಚದ ಇನ್ನೊಂದು ತುದಿಗೆ ಕೂತಳು. ಅವನು ತುಸು ಸರಿದು ಜಾಗ ಮಾಡಿಕೊಟ್ಟ. ಬೇಕಾಗಿದ್ದಕ್ಕಿಂತ ಹೆಚ್ಚೇ ಸರಿದ.

"ಒಂದ್ ಹಾಡು ಕೇಳ್ತೀರೇನ್ರಿ?"

"ಹಚ್ಚು," ಎಂದ. ಇಲ್ಲ ಎಂದು ಅವನು ಯಾವುದಕ್ಕೆ ಅಂದಿದ್ದಾನೆ.

ಫೋನು ಅವಳ ಮಡಿಲಿನಲ್ಲಿತ್ತು. ಬೆರಳು ಒತ್ತಿದಳು. ಮೊದಲಿನ ಪಿಟೀಲು ಮುಗಿದು ಧಾಟಿ ಕಿವಿಗೆ ಬಿದ್ದದ್ದೇ ಶಂಭುಲಿಂಗಪ್ಪ ಚಹಾದ ಬಟ್ಟಲು ಕೆಳಗಿಟ್ಟ. "ಮಾಸ್ತರ ಪದ," ಎಂದ, ಮೆಲ್ಲಗೆ. ಅವಳ ಕಡೆಗೆ, ಅಂದರೆ ಫೋನಿನ ಕಡೆಗೆ, ಪೂರ್ತಿ ತಿರುಗಿ ಚಕ್ಕಳಬಕ್ಕಳ ಹಾಕಿ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿ ಕೈ ಮುಗಿದ. ಊರ ಬಸ್ಸು ಬಂದು ಹೋಯಿತು. ಅವನ ಮುಖದಲ್ಲಿ ಏನೂ ಅಲುಗಲಿಲ್ಲ. ಯಾರ್ಡಿನ ಹರಾಜಿನ ಸವಾಲಿನ ಗದ್ದಲದಲ್ಲಿ ಕಾಳಿನ ಧಾರಣಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕೇಳದೆ ಬಿಡುವುದು ಕಲಿತ ಕಿವಿ ಅದು. ಹಾಡು ಎಂದರೆ ಅವನಿಗೆ ಧಾಟಿ, ಧಾಟಿ ಎಂದರೆ ಕೈ ಮುಗಿಯುವುದು. ಒಳಗಿನ ಮಾತು ಏನೆಂದು ಅವನು ಮಾವನ ಪದಕ್ಕೂ ಕೇಳಿದವನಲ್ಲ. ಬಳೆ ಸಡಿಲಾದವು. ಅವನು ಒಮ್ಮೆ ನಿಟ್ಟುಸಿರು ಬಿಟ್ಟು, ಶಿವಾ, ಎಂದ. ವಾದ್ಯ ನಿಂತು, ದಿಂಬಿನ ಮಾತು ಇಬ್ಬರ ನಡುವೆ ಬಂದು, ಸ್ಪಷ್ಟ ಕನ್ನಡದಲ್ಲಿ ತನ್ನನ್ನು ತಾನು ಹೇಳಿಕೊಂಡು, ಹೋಯಿತು. ಚನ್ನಬಸವ್ವ ಗಂಡನ ಮುಚ್ಚಿದ ರೆಪ್ಪೆಗಳನ್ನೇ ನೋಡುತ್ತಿದ್ದಳು. ಎಂಥ ಒಳ್ಳೆಯ ಮುಖ. ಹಣೆಯ ಮೇಲೆ ವಿಭೂತಿ ಇನ್ನೂ ಹಸಿ ಇತ್ತು.

ಹಾಡು ಮುಗಿದ ಮೇಲೆ ಅವನು ಮುಗಿದ ಕೈಗಳನ್ನು ಕಣ್ಣಿಗೊತ್ತಿಕೊಂಡ. "ಭಾಳ ಛಲೋ ಹಾಡ್ಯಾಳ. ಕರಳಾಗಿಂದ ಹಾಡ್ಯಾಳ. ಯಾವ ಮಠದಾಕಿ?"

"ಅಕಿ ಯಾವ ಮಠದಾಕಿನೂ ಅಲ್ರಿ," ಎಂದಳು ಚನ್ನಬಸವ್ವ. ಈಗಲಾದರೂ ಕೇಳಲಿ, ಹಾಗಾದರೆ ಯಾರು ಎಂದು ಕೇಳಲಿ.

"ಹೌದ? ಮತ್ತ ನೋಡು. ಮಠದಾಗ ಇದ್ದವ್ರಿಗಿಂತ ಹೊರಗಿದ್ದವ್ರ ಭಕ್ತಿನ ದೊಡ್ಡದು," ಎಂದ ಅವನು, ತನ್ನ ಮಾತಿಗೆ ತಾನೇ ತಲೆದೂಗಿದ. "ಇನ್ನೊಮ್ಮಿ ಹಚ್ಚು."

ಹಚ್ಚಿದಳು. ಅವನು ಮತ್ತೆ ಅವಳ ಎದುರಿಗೆ ಕಣ್ಣು ಮುಚ್ಚಿ ಕೈ ಜೋಡಿಸಿದ. ಈ ಸಲ ಅವಳು ಕಾದಳು. ಬಸ್ಸು ಹೋಗಲಿ, ಬಳೆ ಸಡಿಲಾಗಲಿ. ತಬಲಾ ಒಂದೇ ಉಳಿದಾಗ ಅವಳು ಮುಂದಕ್ಕೆ ಬಾಗಿ, ಹಾಡಿನ ಹೆಂಗಸಿಗಿಂತ ಮೊದಲೇ, ತನ್ನ ಸ್ವಂತ ದನಿಯಲ್ಲಿ, ಅವನಿಗೇ ಹೇಳಿದಳು: "ತಲೆದಿಂಬಿನೊಂದು ಬದಿ ನಿನಗೆಂದೇ ತಣ್ಣಗಿದೆ." ಅವನಿಗೆ ನೀನು ಎಂದದ್ದು ಜನ್ಮದಲ್ಲಿ ಅದೇ ಮೊದಲು.

ಶಂಭುಲಿಂಗಪ್ಪ ಕಣ್ಣು ತೆರೆಯಲಿಲ್ಲ. ಮುಗಿದ ಕೈಗಳಲ್ಲಿ ಒಂದನ್ನು ಬಿಡಿಸಿ, ಬಹಳ ಮೃದುವಾಗಿ, ಬೆರಳು ಎತ್ತಿದ.

"ಶ್... ಒಂದೀಟು ಸುಮ್ಮನಿರು. ಪದ ಕೇಳಗೊಡು."